ಬ್ರಿಟಿಷ್ ಅಧಿಕಾರಿಯ ಪ್ರವೇಶ

ಪಕ್ಕದ ಫ್ಲಾಟಿನವಳ ಮಗಳಿಗೆ ಅಬುಧಾಬಿ ಸಿಕ್ಕಿತು, ನನ್ನ ಮಗಳಿಗೆ ಬ್ರಿಟಿಷ್ ಅಧಿಕಾರಿ. ಹೊಟ್ಟೆಕಿಚ್ಚು ಶುರುವಾದದ್ದೇ ಅಲ್ಲಿಂದ ಎಂದರೆ ಸುಳ್ಳಾದೀತು, ಮೊದಲೇ ಇತ್ತು. ಅವರು ಮೈಸೂರಿನವರು, ಗಂಡ ಐಟಿ ಕಂಪನಿಯಲ್ಲಿ. ನನ್ನವರು ಇಲ್ಲೇ ದುಬೈಯ ರಾಸ್ ಅಲ್ ಖೋರ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಮ್ಯಾನೇಜರ್. ಅವಳ ಮನೆಗೆ ಹೊಸ ಸೋಫಾ ಬಂದ ವಾರ, ನಮ್ಮ ಸೋಫಾದಲ್ಲಿ ಕೂತರೆ ನನಗೆ ಬೆನ್ನು ನೋಯುತ್ತಿತ್ತು.

ಊದ್ ಮೇಥಾದ ಶಾಲೆಯಲ್ಲಿ ಯುಎಇ ರಾಷ್ಟ್ರೀಯ ದಿನದ ನಾಟಕ. ಬ್ರಿಟಿಷರ ಕೈಕೆಳಗಿದ್ದ, ಮುತ್ತು ಹೆಕ್ಕಿ ಬದುಕುತ್ತಿದ್ದ ಕರಾವಳಿ ಹೇಗೆ ಒಂದು ದೇಶವಾಯಿತು ಎಂಬ ಕಥೆ. ಅಬುಧಾಬಿ, ದುಬೈ ಮೊದಲಾದ ಏಳು ಎಮಿರೇಟುಗಳಿಗೆ ಏಳು ಹುಡುಗಿಯರು. ಅವರಿಗೆ ಜರಿಯ ಉದ್ದನೆ ಉಡುಪು, ಕೈಗೆ ಮೆಹಂದಿ. ನನ್ನವಳಿಗೆ ಖಾಕಿ ಚಡ್ಡಿ, ಅಂಟಿಸಿದ ಮೀಸೆ. ಬರಬೇಕು, ಬಾವುಟ ಇಳಿಸಿ ಮಡಚಿಕೊಂಡು ಹೋಗಬೇಕು. ಮಾತೇ ಇಲ್ಲ.

“ಪಾಪ, ಅದೂ ಮುಖ್ಯವಾದ ಪಾರ್ಟೇ ಕಣ್ರೀ. ಬ್ರಿಟಿಷರು ಹೋಗ್ದೇ ಇದ್ರೆ ದೇಶ ಆಗ್ತಿತ್ತಾ?” ಎಂದಳು ಪಕ್ಕದವಳು, ಲಿಫ್ಟಿನಲ್ಲಿ.

ಆ ‘ಪಾಪ’ ಕೇಳಿ ಮೈಯೆಲ್ಲ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಮಗಳು ಕುಣಿಯಬಲ್ಲವಳು, ಅವಳಿಗೆ ನೆಲವನ್ನೇ ಕೊಟ್ಟಿರಲಿಲ್ಲ.

ನಮ್ಮ ಉಡುಪಿ ಕಡೆಯ ಯಕ್ಷಗಾನದಲ್ಲಿ, ಸಾಯುವುದಕ್ಕೆಂದೇ ಬರುವ ರಾಕ್ಷಸನೂ ಸುಮ್ಮನೆ ನಡೆದು ಬರುವುದಿಲ್ಲ. ಅವನಿಗೂ ಒಂದು ಪ್ರವೇಶವಿದೆ, ಅದೂ ರಾಜನಿಗಿಂತ ಜೋರಾಗಿ. ನಾನು ಹವ್ಯಾಸಿ ವೇಷಧಾರಿಯೊಬ್ಬರ ಮಗಳು. ಊಟದ ಮೇಜನ್ನು ಗೋಡೆಗೆ ತಳ್ಳಿ, ವಾರವಿಡೀ ಮಗಳಿಗೆ ಹೆಜ್ಜೆ ಹೇಳಿಕೊಟ್ಟೆ.

“ಮಕ್ಕಳ ನಾಟಕ ಮಾರಾಯ್ತಿ ಅದು. ಟೀಚರ್ ಹೇಳಿದಷ್ಟು ಮಾಡಿದ್ರೆ ಖಲಾಸ್,” ಎಂದರು ನನ್ನವರು.

“ಡು ಐ ಹ್ಯಾವ್ ಟು, ಮಮ್ಮಿ?” ಎಂದಳು ಮಗಳು. ಹೌದು ಎಂದೆ.

ನಾಟಕದ ದಿನ ಬ್ರಿಟಿಷ್ ಅಧಿಕಾರಿ ಕಾಲೆತ್ತಿ ಕುಣಿಯುತ್ತ ರಂಗಕ್ಕೆ ಬಂದ. ಬಾವುಟದ ಕಂಬಕ್ಕೆ ಎರಡು ಸುತ್ತು ಬಂದು, ಮೀಸೆ ತಿರುವಿ, ಗಿರಕಿ ಹೊಡೆದ. ನಮ್ಮ ಕಡೆಯ ಅಪ್ಪಂದಿರು ಶಿಳ್ಳೆ ಹಾಕಿದರು. ಟೀಚರ್ ಬದಿಯಿಂದ ‘ಹೋಗು, ಹೋಗು’ ಎಂದು ಕೈ ಬೀಸುತ್ತಿದ್ದರು. ಏಳು ಎಮಿರೇಟುಗಳು ಬಾಯಿ ಬಿಟ್ಟುಕೊಂಡು ನಿಂತಿದ್ದವು. ದೇಶ ಹುಟ್ಟುವುದು ಸ್ವಲ್ಪ ತಡವಾಯಿತು. ಕೊನೆಗೆ ನನ್ನವಳು ಬಾವುಟ ಇಳಿಸಿ, ಮಡಚಿಕೊಂಡು ಪರದೆಯ ಹಿಂದೆ ಹೋದಳು. ಆಮೇಲೆ ಹೊಸ ಬಾವುಟ, ಹಾಡು.

ಹೊರಗೆ ಬಂದಾಗ ಪಕ್ಕದವಳು, “ಎಲ್ರಿಗೂ ನೆನಪಿರೋದು ನಿಮ್ಮ ಮಗಳೇ ಬಿಡಿ,” ಎಂದಳು, ಮುಖ ಸಣ್ಣದು ಮಾಡಿಕೊಂಡು. ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ.

ಕಾರಿನಲ್ಲಿ ಮಗಳು ಮೀಸೆ ಕಿತ್ತಳು. ತುಟಿಯ ಮೇಲೆ ಕೆಂಪಾಗಿತ್ತು.

“ಆಮೇಲೆ ಅವ್ರು ಏಳು ಜನಾನೂ ಕೈ ಕೈ ಹಿಡ್ಕೊಂಡ್ರು, ಮಮ್ಮಿ,” ಎಂದಳು. “ನಾನೂ ಕರ್ಟನ್ ಸೈಡಿಂದ ಕೈ ಹೊರಗೆ ಇಟ್ಟಿದ್ದೆ, ಯಾರಾದ್ರೂ ಹಿಡೀತಾರೇನೋ ಅಂತ. ಡಿಡ್ ಯು ಸೀ?”

ನೋಡಿರಲಿಲ್ಲ. ಆ ಹೊತ್ತಿಗೆ ನಾನು ರಂಗಕ್ಕೆ ಬೆನ್ನು ಹಾಕಿ, ಹಿಂದಿನ ಸಾಲಿನಲ್ಲಿದ್ದ ಪಕ್ಕದವಳ ಮುಖವನ್ನೇ ನೋಡುತ್ತಿದ್ದೆ.