ಕನ್ನಡಕ್ಕೆ ನಾಲ್ಕು ಒತ್ತಿ

"ಏ, ನಾಲ್ಕು ಒತ್ತಬ್ಯಾಡೋ! ಎರಡು ಒತ್ತು, ಎರಡು!"

ದೊಡ್ಡವ್ವ ನನ್ನ ಕೈ ಮೇಲೆ ಫಟ್ ಅಂತ ಒಂದು ಹಾಕಿದಳು. ಫೋನಿನೊಳಗಿನ ಹೆಂಗಸು ಮಾತ್ರ ತಣ್ಣಗೆ ಹೇಳುತ್ತಲೇ ಇದ್ದಳು. ತೆಲುಗಿಗೆ ಒಂದು, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು, ಕನ್ನಡಕ್ಕೆ ನಾಲ್ಕು. (ನಾಲ್ಕು ಹೊಸದು. ಮೊನ್ನೆ ಮೊನ್ನೆ ಸೇರಿಸಿದ್ದಾರೆ.)

"ಕನ್ನಡ ಐತಲ್ಲ ದೊಡ್ಡವ್ವ" ಅಂದೆ.

"ಕನ್ನಡದಾಗ ಹೇಳಿದ್ರ ಯಾರು ಕೆಲಸ ಮಾಡಿಕೊಡ್ತಾರ? ಅದು ಮನ್ಯಾಗ ಮಾತಾಡೂದು. ಆಫೀಸಿನವ್ರಿಗೆ ಹಿಂದಿ ಬೇಕು. ಒತ್ತು ನೀ."

ಒತ್ತಿದೆ. ದೊಡ್ಡವರ ಜೊತೆ ವಾದ ಮಾಡಬಾರದು. ಏಟು ಬೀಳುತ್ತೆ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ, ಭೀಮವ್ವ. ಊರು ಶಹಾಪುರದ ಕಡೆ. ಈಗ ತೆಲುಗರ ಸೀಮೆಯ ಮಣಿಕೊಂಡದಲ್ಲಿ ಕಟ್ಟಡದ ಕೆಲಸ. ಕಂಪ್ಯೂಟರ್‌ನವರು ಇರುವ ಅಪಾರ್ಟ್‌ಮೆಂಟುಗಳಿಗೆ ಆಕೆ ಇಟ್ಟಂಗಿ ಹೊತ್ತಿದ್ದಾಳೆ. ನಾನು ಟೈಲ್ಸ್ ಕೂಡಿಸಿದ್ದೇನೆ. 

ಆಕೆಯ ಮಗಳು ಶರಣಮ್ಮ ತುಂಬು ಬಸುರಿ. ಮೊದಲ ಹೆರಿಗೆ ತವರಲ್ಲಾಗಬೇಕು ಅಂತಾರೆ. ಆದರೆ ತವರು ಅಂದರೆ ಇಲ್ಲಿಯ ತಗಡಿನ ಶೆಡ್ಡು. ಅದರಲ್ಲಿ ಬಾಣಂತಿಯನ್ನು ಎಲ್ಲಿ ಮಲಗಿಸೋದು? ಹಾಗಾಗಿ ಮಗಳು ಗಂಡನ ಮನೆಯಲ್ಲೇ ಉಳಿದಳು. ನೋವು ಶುರುವಾದ ಕೂಡಲೇ ಅಳಿಯ ಕಾಯಿನ್ ಬಾಕ್ಸಿನಿಂದ ಫೋನ್ ಮಾಡಬೇಕು, ದೊಡ್ಡವ್ವ ಬಸ್ ಹತ್ತಬೇಕು ಅಂತ ಮಾತಾಗಿತ್ತು.

ಈಗಲೇ ಹೋಗಿ ಕೂತರೆ ಆಗಲ್ವಾ? ಆಗಲ್ಲ. ಮೇಸ್ತ್ರಿ ಒಪ್ಪಿದ್ದು ಒಂದೇ ವಾರದ ರಜೆಗೆ. ಕಾಯೋದರಲ್ಲೇ ಅದು ಮುಗಿದರೆ ಬಾಣಂತನ ಮಾಡೋರು ಯಾರು?

ಹೀಗಿರುವಾಗ ದೊಡ್ಡವ್ವನ ಮೊಬೈಲಿಗೆ ಫೋನ್ ಬರೋದೇ ನಿಂತಿತು. ರೀಚಾರ್ಜ್ ಮಾಡಿಸಿದರೂ ಇಲ್ಲ. ಅಳಿಯನ ಮನೆಯಲ್ಲಿ ಫೋನಿಲ್ಲ, ಬೇರೆ ನಂಬರ್ ಹೇಳೋಣ ಅಂದರೆ ದಾರಿಯಿಲ್ಲ. ಅವರ ಗೋಡೆ ಮೇಲೆ ಇದ್ದಿಲಿನಲ್ಲಿ ಬರೆದಿರೋದು ಇದೊಂದೇ ನಂಬರ್. ಇದು ಸತ್ತರೆ ಮಗಳು ಅಲ್ಲಿ ನರಳುತ್ತಾಳೆ, ತಾಯಿ ಇಲ್ಲಿ ಇಟ್ಟಂಗಿ ಹೊರುತ್ತಾಳೆ.

ಅದಕ್ಕೇ ಈ ಕಸ್ಟಮರ್ ಕೇರ್.

ಎರಡು ಒತ್ತಿದ ಮೇಲೆ ಹಾಡು ಶುರುವಾಯಿತು. ಮುಗಿಯಿತು. ಮತ್ತೆ ಅದೇ ಹಾಡು. ನಾನು ಸ್ಪೀಕರ್ ಹಾಕಿ ಫೋನನ್ನು ದೊಡ್ಡವ್ವನ ಕೈಗೆ ಕೊಟ್ಟು ಚಾ ಇಡಲು ಹೋದೆ. ಅದೇ ತಪ್ಪಾಯಿತು.

"ಮೇಡಂ, ಫೋನ್ ನೈ ಆತಾ" ಅಂದಳು ದೊಡ್ಡವ್ವ. ಸರಿಯಾಗೇ ಅಂದಳು. ಆದರೆ ಆಮೇಲೆ ಆ ಕಡೆಯ ಹುಡುಗಿ ಫಟಾಫಟ್ ಹಿಂದಿಯಲ್ಲಿ ಕೇಳುತ್ತಾ ಹೋದಳು.

ರೀಚಾರ್ಜ್ ತೊಂದರೆಯಾ?

"ಹೌ ಜೀ."

ಕಾಲರ್ ಟ್ಯೂನ್ ಹಾಕಲಾ?

"ಹೌ ಜೀ."

ಈ ನಂಬರ್ ಬೇಡವಾ? ಪೂರ್ತಿ ಬಂದ್ ಮಾಡಲಾ?

"ಹೌ ಜೀ, ಹೌ ಜೀ."

ನಾನು ಇಕ್ಕಳ ಹಿಡಿದೇ ಓಡಿ ಬಂದೆ. ಅಷ್ಟರಲ್ಲಿ ಆ ಹುಡುಗಿ ನಮ್ಮ ದಿನ ಚೆನ್ನಾಗಿರಲಿ ಅಂತ ಹರಸಿ ಫೋನ್ ಇಟ್ಟಿದ್ದಳು.

"ಏನಂದಿ ದೊಡ್ಡವ್ವ ನೀ?"

"ಏನಂದೆ? ಮರ್ಯಾದಿಲೆ ಹೌ ಜೀ ಅಂದೆ. ನಿನ್ನಂಗ ಒರಟಾಗಿ ಮಾತಾಡ್ಲೇನು?"

"ನಂಬರ್ ಬಂದ್ ಮಾಡ್ಲಾ ಅಂತ ಕೇಳಿದ್ಲು ಆಕಿ!"

ದೊಡ್ಡವ್ವ ಫೋನನ್ನು ನೋಡುತ್ತಾ ಕೂತಳು. ಚಾ ಉಕ್ಕಿ ಸ್ಟವ್ ಆರಿತು.

ನಾನು ಬೈಯಲಿಲ್ಲ. ಯಾಕೆ ಬೈಯಬೇಕು? ಆಕೆ ಹಿಂದಿ ಕಲಿತದ್ದು ಎಲ್ಲಿ? ಸೈಟಿನಲ್ಲಿ. ಇಟ್ಟಂಗಿ ತಾ, ನೀರು ಹಾಕು, ಬೇಗ ಮಾಡು. ಇವಕ್ಕೆಲ್ಲ ಉತ್ತರ ಒಂದೇ. ಹೌ ಜೀ. ಪ್ರಶ್ನೆ ಅರ್ಥವಾಗಬೇಕು ಅಂತೇನಿಲ್ಲ, ದನಿ ಕೇಳಿದರೆ ಸಾಕು. ನಾನೂ ಅಷ್ಟೇ. ಭಾನುವಾರ ಬರ್ತೀಯಾ ಅಂದರೂ ಹೌ, ಊಟ ಬಿಟ್ಟು ಮಾಡ್ತೀಯಾ ಅಂದರೂ ಹೌ.

ಮತ್ತೆ ಫೋನ್ ಹಚ್ಚಿದೆ. ಆಕೆಯನ್ನು ಕೇಳದೆ ನಾಲ್ಕು ಒತ್ತಿದೆ.

ಹಾಡೇ ಬರಲಿಲ್ಲ. ಕ್ಯೂ ಇಲ್ಲ, ಏನಿಲ್ಲ. ಕೂಡಲೇ ಎತ್ತಿದರು. (ಪಾಪ, ನಾಲ್ಕು ಒತ್ತೋರು ಯಾರಿದ್ದಾರೆ?)

"ನಮಸ್ಕಾರ ಮೇಡಂ. ಏನ್ ಸಹಾಯ ಬೇಕಿತ್ತು, ಹೇಳಿ?" ಮೈಸೂರು ಕಡೆಯ ಮಾತು.

ದೊಡ್ಡವ್ವ ಮೇಡಂ ಯಾರು ಅಂತ ಹಿಂದೆ ತಿರುಗಿ ನೋಡಿದಳು. ಆಮೇಲೆ ಅಂದಳು, "ಹೌ ಜೀ."

"ಕನ್ನಡದಾಕಿ ಅದಾಳ ದೊಡ್ಡವ್ವ. ಕನ್ನಡದಾಗ ಹೇಳು" ಅಂತ ತಿವಿದೆ.

ಶುರುವಾಯಿತು ನೋಡಿ. ಮಗಳು, ಬಸುರು, ಅಳಿಯ, ಕಾಯಿನ್ ಬಾಕ್ಸ್, ಗೋಡೆ, ಇದ್ದಿಲು. ಉಸಿರು ತೆಗೆದುಕೊಳ್ಳಲಿಲ್ಲ. ಆ ಹುಡುಗಿ ಮುಗಿಯುವ ತನಕ ಕಾದಳು.

"ಆದ್ರೆ ಮೇಡಂ, ಈಗ ತಾನೇ ನಂಬರ್ ಬಂದ್ ಮಾಡಿ ಅಂತ ರಿಕ್ವೆಸ್ಟ್ ಬಿದ್ದಿದೆಯಲ್ಲ. ಮಾಡೋದಾ?"

"ಮಾಡಿದ್ರ ನೋಡು ಮತ್ತ! ಬ್ಯಾಡ. ಇಲ್ಲ. ಆಗಂಗಿಲ್ಲ!"

ಇಷ್ಟು ವರ್ಷದಲ್ಲಿ ದೊಡ್ಡವ್ವ ಯಾವ ಆಫೀಸಿನವರಿಗೂ ಇಲ್ಲ ಅಂದದ್ದನ್ನು ನಾನು ಕೇಳಿರಲೇ ಇಲ್ಲ.

ಹುಡುಗಿ ನಕ್ಕಳು. ಆ ರಿಕ್ವೆಸ್ಟ್ ರದ್ದು ಮಾಡಿದೆ, ಸಂಜೆಯೊಳಗೆ ಫೋನ್ ಬರೋದೂ ಸರಿಹೋಗುತ್ತೆ ಅಂದಳು. ಹೆರಿಗೆ ಸಲೀಸಾಗಲಿ ಅಂತಲೂ ಅಂದಳು. ಇದನ್ನು ಕಂಪನಿ ಕಲಿಸಿರಲಾರದು.

"ನಿನ್ನ ಹೊಟ್ಟಿ ತಣ್ಣಗಿರಲಿ ಯವ್ವ. ಯಾವೂರು ನಿಂದು?"

"ಅದನ್ನ ಹೇಳೋ ಹಾಗಿಲ್ಲ ಮೇಡಂ."

"ಊರು ಹೇಳಾಕ ಏನಾತು? ಕದ್ದು ಓಡಿ ಬಂದೀಯೇನು?"

ಮರುದಿನ ನಾನು ಟೈಲ್ಸ್ ಕೂಡಿಸುತ್ತಿದ್ದ ಫ್ಲ್ಯಾಟಿನ ಬೆಂಗಳೂರಿನ ಸಾಹೇಬರನ್ನು ಕೇಳಿದೆ, ಸರ್, ನೀವು ಯಾವುದು ಒತ್ತುತ್ತೀರಿ? "ಮೂರು. ಇಂಗ್ಲಿಷಲ್ಲಾದ್ರೆ ಬೇಗ ಆಗುತ್ತೆ" ಅಂದರು. ದೊಡ್ಡವ್ವನ ಲೆಕ್ಕವೂ ಅದೇ ಆಗಿತ್ತಲ್ಲ. ಹೀಗೆ ಯಾರೂ ಒತ್ತದಿದ್ದರೆ ಒಂದು ದಿನ ನಾಲ್ಕನ್ನು ತೆಗೆದುಹಾಕುತ್ತಾರೆ. ಆಗ ನಾವೆಲ್ಲ ಗಲಾಟೆ ಮಾಡುತ್ತೇವೆ. ಅದೂ ಹಿಂದಿಯಲ್ಲಿ.

ಈ ವಾರ ಅಳಿಯನ ಫೋನ್ ಬಂತು. "ಅತ್ತಿ, ಅದೇನ್ರಿ ನಿಮ್ಮ ಫೋನಿನಾಗ ಹಾಡು?" ಅಂತ ಮೊದಲು ಕೇಳಿದ. ಆಮೇಲೆ ಹೇಳಿದ, ನೋವು ಶುರುವಾಗಿದೆ. (ಕಾಲರ್ ಟ್ಯೂನ್ ತೆಗೆಸೋದು ಮರೆತಿದ್ದೆವು.)

ದೊಡ್ಡವ್ವ ಚೀಲ ಹಿಡಿದು ಹೊರಟಳು. ನಾನೂ ಬಸ್ಸಿನ ತನಕ ಬಿಡಲು ಹೊರಟೆ. ಸೈಟಿನ ಗೇಟಿನಲ್ಲಿ ಮೇಸ್ತ್ರಿ ಅಡ್ಡ ಬಂದ. ಸ್ಲ್ಯಾಬ್ ಹಾಕೋದಿದೆ, ವಾರ ಗೀರ ಇಲ್ಲ, ಮೂರು ದಿನದಲ್ಲಿ ವಾಪಸ್ ಬಂದುಬಿಡು, ತಿಳೀತಾ ಅಂದ. ಹಿಂದಿಯಲ್ಲಿ.

ದೊಡ್ಡವ್ವ ಬಾಯಿ ತೆರೆದಳು. ಹೌ ಜೀ ಬರುತ್ತೆ ಅಂತ ನಾನು ಕಾದೆ.

"ಆಗಂಗಿಲ್ಲ" ಅಂದಳು.

ಮೇಸ್ತ್ರಿಗೆ ಕನ್ನಡ ಬರೋದಿಲ್ಲ. ಆದರೂ ದಾರಿ ಬಿಟ್ಟ.

ಅಷ್ಟೇ. ನನಗೆ ಹೇಳೋದಕ್ಕೆ ಇನ್ನೇನೂ ಇಲ್ಲ.