ವೃತ್ತ ಕೆಡಿಸುವವರು

ಅಂಗಿಯ ಗುಂಡಿ ಹಾಕುವುದು ಇಷ್ಟು ದೊಡ್ಡ ವಿದ್ಯೆ ಎಂದು ನನಗೆ ಗೊತ್ತಾದದ್ದು ಅಹಮದಾಬಾದಿನ ನವರಂಗಪುರದ ಥೆರಪಿ ಕೇಂದ್ರದಲ್ಲಿ, ಮಕ್ಕಳ ಕುರ್ಚಿಯೊಂದರಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕುಳಿತಿದ್ದಾಗ. ಎದುರಿಗೆ ಒಂಬತ್ತು ವರ್ಷದ ನನ್ನ ಮಗಳು ಪೂರ್ವಿ ಗುಂಡಿಯೊಂದಿಗೆ ಕುಸ್ತಿಗೆ ಬಿದ್ದಿದ್ದಳು. ಪಕ್ಕದಲ್ಲಿ ಥೆರಪಿಸ್ಟ್ ಹೇತಲ್‌ಬೆನ್, ಗಡಿಯಾರ ಹಿಡಿದುಕೊಂಡು. ಗುಜರಾತಿನಲ್ಲಿ ಹೆಂಗಸರೆಲ್ಲ ಬೆನ್, ಅಂದರೆ ಅಕ್ಕ.

ನಾವಿರುವುದು ವಡೋದರಾದಲ್ಲಿ, ನಮ್ಮ ಯಜಮಾನರಿಗೆ ಮಕರಪುರದ ಕಾರ್ಖಾನೆಯಲ್ಲಿ ಕೆಲಸ. ಪೂರ್ವಿಯ ಬುದ್ಧಿ ಚುರುಕು, ಕೈಕಾಲು ಮಾತ್ರ ಅವಳ ಮಾತನ್ನು ನಿಧಾನವಾಗಿ ಕೇಳುತ್ತವೆ. ಡಬ್ಬಿ ತೆಗೆದರೆ ಅರ್ಧ ಊಟ ನೆಲಕ್ಕೆ. ಲೇಸು ಕಟ್ಟಿ ಮುಗಿಸುವಷ್ಟರಲ್ಲಿ ಶಾಲೆಯ ಬಸ್ಸು ಬಂದು ಹೋಗಿರುತ್ತದೆ. ನವರಾತ್ರಿ ಹತ್ತಿರವಾದಾಗ ಟೀಚರು ನನ್ನನ್ನು ಕರೆಸಿ, ಶಾಲೆಯಲ್ಲಿ ಸುತ್ತು ಕಟ್ಟಿ ಕುಣಿಯುವ ಗರ್ಬಾದಲ್ಲಿ ಇವಳು ವೃತ್ತ ಕೆಡಿಸುತ್ತಾಳೆ, ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಲಿ, ಬೇಕಿದ್ದರೆ ಎಲ್ಲಾದರೂ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು. ವರ್ಷವಿಡೀ ಗರ್ಬಾಕ್ಕೆ ಕಾಯುವ ಹುಡುಗಿಗೆ ಕುರ್ಚಿಯಂತೆ! ನನಗೆ ಮೈಯೆಲ್ಲ ಉರಿದುಹೋಯಿತು.

ಹಾಗಾಗಿ ಅಹಮದಾಬಾದಿಗೆ ಬಂದು ಈ ಪರೀಕ್ಷೆ. ಮಣಿ ಪೋಣಿಸು, ಚೆಂಡು ಹಿಡಿ, ಗೆರೆಯ ಮೇಲೆ ನಡೆ. ನಮ್ಮ ಕಡೆಯ ತಾಯಂದಿರ ಕೈಗೆ ಒಂದು ರೋಗವಿದೆ. ಮಗು ಸ್ವಲ್ಪ ತಡವರಿಸಿದರೆ ಸಾಕು, ಕೈ ತಾನಾಗಿ ಮುಂದೆ ಹೋಗುತ್ತದೆ. ನನಗೆ ಅರಿವಾಗುವ ಮೊದಲೇ ಅವಳ ಕೊರಳಿನ ಗುಂಡಿಯನ್ನು ನಾನೇ ಹಾಕಿಬಿಟ್ಟಿದ್ದೆ. ಹೇತಲ್‌ಬೆನ್ ನಕ್ಕು ಹಿಂದಿಯಲ್ಲಿ, “ಬೆನ್, ಇವತ್ತು ನಿಮ್ಮ ಪರೀಕ್ಷೆ ಇಲ್ಲ” ಎಂದು ಆ ಗುಂಡಿಯನ್ನು ಮತ್ತೆ ಬಿಚ್ಚಿದರು.

ನನಗೂ ರೋಷ ಬಂತು. ಈ ಗುಂಡಿ, ಲೇಸುಗಳೆಲ್ಲ ಯಾವ ಕಾಲದಿಂದ ಮನುಷ್ಯನ ಯೋಗ್ಯತೆ ಅಳೆಯತೊಡಗಿದವು? ನಮ್ಮ ಹಿರಿಯರು ಪಂಚೆ ಸುತ್ತಿಕೊಂಡು, ಸೆರಗು ಸಿಕ್ಕಿಸಿಕೊಂಡು, ಒಂದೂ ಗುಂಡಿಯಿಲ್ಲದೆ ದೇವಸ್ಥಾನ ಕಟ್ಟಿಸಿದರು, ಕೆರೆ ತೋಡಿಸಿದರು. ಅವರಿಗೊಂದು ಜೋಡಿ ಲೇಸು ಕೊಟ್ಟಿದ್ದರೆ ಎಷ್ಟು ಜನ ಪಾಸಾಗುತ್ತಿದ್ದರೋ. ಆಮೇಲೆ ಫೋರ್ಕು, ಚಾಕು ಹಿಡಿದು ತಿನ್ನುತ್ತಾಳೆಯೇ ಎಂಬ ಪ್ರಶ್ನೆ ಬಂತು. ನಮ್ಮ ಮನೆಯಲ್ಲಿ ಸಾರು ಅನ್ನ, ಸಾರನ್ನು ಫೋರ್ಕಿನಲ್ಲಿ ಹಿಡಿಯುವ ವಿದ್ಯೆ ನಮ್ಮ ವಂಶದಲ್ಲೇ ಯಾರಿಗೂ ಇಲ್ಲ ಎಂದೆ.

ಹೇತಲ್‌ಬೆನ್ ಬೇಜಾರು ಮಾಡಿಕೊಳ್ಳಲಿಲ್ಲ. ದಿನನಿತ್ಯದ ಕೆಲಸ ಅಂದರೆ ಅವಳ ದಿನನಿತ್ಯದ್ದೇ ಆಗಬೇಕು, ಅದನ್ನೇ ನೋಡೋಣ ಎಂದು ನಮ್ಮ ಡಬ್ಬಿ ತೆರೆಸಿದರು. ಪೂರ್ವಿ ತಟ್ಟೆಯಲ್ಲಿ ಹರಿದು ಹೋಗುತ್ತಿದ್ದ ಸಾರಿಗೆ ಅನ್ನದ ಕಟ್ಟೆ ಕಟ್ಟಿದಳು. ಕಟ್ಟೆ ಒಡೆಯಿತು, ಮತ್ತೆ ಕಟ್ಟಿದಳು. ಅಂಗಿಗೂ ಒಂದಿಷ್ಟು ಸಂದಾಯವಾಯಿತು. ಆದರೂ ಊಟ ಮುಗಿಸಿದಳು.

ಅದರಿಂದ ಅಂಕವೇನೂ ಏರಲಿಲ್ಲ, ಸುಳ್ಳೇಕೆ ಹೇಳಲಿ. ಕೈಕಾಲಿನ ಹೊಂದಾಣಿಕೆಯಲ್ಲಿ ತೊಂದರೆ ಇರುವುದು ನಿಜ, ಒಂದೊಂದು ಚಲನೆಯನ್ನೂ ಬಿಡಿಸಿ ಕಲಿಸಬೇಕು, ಸಮಯ ಕೊಡಬೇಕು ಎಂದು ವರದಿ ಹೇಳಿತು. ಅದನ್ನು ಶಾಲೆಗೆ ಒಯ್ದಾಗ ಟೀಚರು ಅಂಕ ನೋಡಿದವರೇ, ನಾನು ಹೇಳಲಿಲ್ಲವೇ ಎಂಬಂತೆ ತಲೆ ಆಡಿಸಿದರು. ನನ್ನ ಹಿಂದಿಯಲ್ಲಿ ಗಂಡು ಹೆಣ್ಣುಗಳ ಭೇದವಿಲ್ಲ. ಅದೇ ಹಿಂದಿಯಲ್ಲಿ ಹೇಳಿದೆ: “ಇವಳಿಗೆ ಏನು ಕಷ್ಟ ಅಂತ ತಿಳಿಯೋಕೆ ಪರೀಕ್ಷೆ ಮಾಡಿಸಿದ್ದು. ಇವಳಿಗೆ ಜಾಗ ಇದೆಯಾ ಅಂತ ಕೇಳೋಕಲ್ಲ. ಇವಳು ಕುಣೀತಾಳೆ.” ಅವರು ವರದಿಯನ್ನು ಮಡಚಿಟ್ಟು, ಹಾಗಾದರೆ ಎಲ್ಲಕ್ಕಿಂತ ಹೊರಗಿನ ಸುತ್ತಿನಲ್ಲಿ ಇರಲಿ ಎಂದರು.

ಗರ್ಬಾದ ಸಂಜೆ ಶಾಲೆಯ ಅಂಗಳದಲ್ಲಿ ಹೊರಗಿನ ಸುತ್ತು ತಿರುಗಿತು. ಪೂರ್ವಿಯ ಚಪ್ಪಾಳೆ ಎಲ್ಲರದೂ ಮುಗಿದ ಮೇಲೆ ಕೇಳಿಸುತ್ತಿತ್ತು. ಹಿಂದಿನವರು ಅವಳಿಗೆ ಡಿಕ್ಕಿ ಹೊಡೆದರು, ಬಳಸಿಕೊಂಡು ಹೋದರು, ವೃತ್ತ ಸೊಟ್ಟಗಾಯಿತು, ಮತ್ತೆ ಸರಿಹೋಯಿತು. ನಾನು ಕಂಬಕ್ಕೆ ಒರಗಿ, ಯಾರಾದರೂ ಏನಾದರೂ ಅಂದರೆ ಜಗಳಕ್ಕೇ ಇಳಿಯಬೇಕೆಂದು ಸಿದ್ಧಳಾಗಿ ನಿಂತಿದ್ದೆ. ಯಾರೂ ಏನೂ ಅನ್ನಲಿಲ್ಲ. ಕೊನೆಗೆ ಅಂದವಳು ಅವಳೇ. ನೀರು ಕುಡಿಯಲು ಬಂದವಳು ಏದುಸಿರು ಬಿಡುತ್ತಾ ನನ್ನ ಕೈ ಹಿಡಿದು ಎಳೆದಳು.

“ಮಮ್ಮಿ, ಹಿಂಗೆ ನೋಡ್ತಾ ನಿಲ್ಲಬೇಡ. ನೀನೂ ಬಾ. ನಿಂಗೂ ಬರಲ್ಲ ಅಂತ ನಂಗೊತ್ತು, ಚಲೇಗಾ, ಪರವಾಗಿಲ್ಲ.”

ಹೋದೆ. ಈಗ ಸುತ್ತಿನಲ್ಲಿ ಎರಡು ಚಪ್ಪಾಳೆ ತಡವಾಗಿ ಬೀಳತೊಡಗಿದವು.