ಪೈಪು ಬಡಿಯುವ ಸೌಟಕ್ಕ

ಆ ಕಟ್ಟಡದಲ್ಲಿ ನಾಲ್ಕು ಮನೆ, ನಾಲ್ಕಕ್ಕೂ ಸೇರಿ ಒಂದೇ ಕೊಳಚೆ ಪೈಪು. ಮೇಲಿನ ಮೂರು ಮಹಡಿಯವರು ಮಿಂದದ್ದು, ಒಗೆದದ್ದು, ತೊಳೆದದ್ದು ಎಲ್ಲವೂ ನೆಲಮಹಡಿಯ ಬಚ್ಚಲುಮನೆಯ ಮೂಲೆಯಲ್ಲೇ ಇಳಿದು, ಅಂಗಳದಡಿಯ ಗುಂಡಿಗೆ ಬಿದ್ದು, ಅಲ್ಲಿಂದ ಬೀದಿಯ ಮೋರಿ ಸೇರಬೇಕು. ಬಿಸಿಲಿದ್ದ ದಿನ ಈ ಏರ್ಪಾಡಿಗೆ ಹೆಸರಿಡುವಂತಿರಲಿಲ್ಲ. ಮಳೆ ಜಡಿದು ಬೀದಿಯ ಮೋರಿ ತುಂಬಿತೋ, ಗುಂಡಿಯ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಆಗ ಮೇಲೆ ಯಾರಾದರೂ ಒಂದು ಬಕೆಟ್ ಸುರಿದರೂ ಅದು ಕೆಳಗಿನ ಮನೆಯ ಬಚ್ಚಲ ತೂತಿನಲ್ಲಿ ಬುಳುಬುಳು ಎಂದು ಎದ್ದು ಬರುತ್ತಿತ್ತು. ಬರೀ ನೀರು ಬಂದರೆ ಪುಣ್ಯ.

ಆ ಕೆಳಗಿನ ಮನೆಯವಳೇ ಸೌಟಕ್ಕ. ಹೆತ್ತವರು ಇಟ್ಟ ಹೆಸರು ಬೇರೆ. ಅದು ಈಗ ಮತದಾರರ ಪಟ್ಟಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಮಳೆ ಜೋರಾದ ಕೂಡಲೇ ಅವಳು ಕಬ್ಬಿಣದ ಸೌಟು ಹಿಡಿದು ಬಚ್ಚಲುಮನೆಗೆ ಓಡಿ ಪೈಪಿಗೆ ಬಡಿಯುತ್ತಿದ್ದಳು. ಎರಡು ಏಟು ಬಿದ್ದರೆ ಯಾರೂ ನೀರು ಬಿಡಬಾರದು. ಮೋರಿ ಇಳಿದ ಮೇಲೆ ಒಂದು ಏಟು, ಇನ್ನು ಬಿಡಬಹುದು. ಪೈಪು ಹಳೆಯ ಕಾಲದ ಕಬ್ಬಿಣದ್ದು, ಸದ್ದು ಮೂರನೆಯ ಮಹಡಿಯ ತನಕ ಠಣ್ಣೆಂದು ಏರುತ್ತಿತ್ತು. ಕೇಳಿಸಿಕೊಂಡವರು ಕೊಳಾಯಿ ನಿಲ್ಲಿಸುತ್ತಿದ್ದರು, ಟಿವಿ ನೋಡುತ್ತಿದ್ದವರಿಗೆ ಕೇಳಿಸುತ್ತಲೇ ಇರಲಿಲ್ಲ. ಸೌಟಕ್ಕ ಎಂದು ಹೆಸರಿಟ್ಟದ್ದು ಮೇಲಿನ ಮಕ್ಕಳು. ಹೆಸರಿಗೆ ಅವಳು ಬೇಸರಪಡಲಿಲ್ಲ. ಹನ್ನೊಂದು ವರ್ಷದಿಂದ ಮಳೆಗಾಲದಲ್ಲಿ ಒಂದು ಇಡೀ ದಿನವೂ ಮನೆ ಬಿಟ್ಟು ಹೋಗಲಾಗಿಲ್ಲವಲ್ಲ ಎಂಬುದೇ ಅವಳ ಹೊಟ್ಟೆಯೊಳಗಿನ ಉರಿ.

ಗಂಡ ದೂರದೂರಿಗೆ ಲಾರಿ ಓಡಿಸುವವನು. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು, ಆ ನಾಲ್ಕು ದಿನ ಮಳೆಯೂ ಅವನಿಗೆ ಹೆದರಿದಂತೆ ದೂರ ನಿಲ್ಲುತ್ತಿತ್ತು. ಹೀಗಾಗಿ ಮಳೆ ಬಂದರೆ ಬಚ್ಚಲಲ್ಲಿ ಒಂದಿಷ್ಟು ನೀರು ನಿಲ್ಲುತ್ತದಂತೆ ಎಂಬಲ್ಲಿಗೆ ಅವನ ತಿಳಿವಳಿಕೆ ಮುಗಿದಿತ್ತು. ಬಚ್ಚಲಿಗೆ ತಾಗಿದ ಕೋಣೆಯಲ್ಲಿ ಅತ್ತೆ. ಸೊಂಟ ಮುರಿದುಕೊಂಡು ಮಂಚ ಹಿಡಿದು ಆರು ವರ್ಷ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ. ಶಾಲೆಯ ಸಮವಸ್ತ್ರ ಹೊಲಿಯುವುದು ಸೌಟಕ್ಕನ ಕಸುಬು. ಬಟ್ಟೆಯ ಗಂಟುಗಳನ್ನೆಲ್ಲ ಎದೆಮಟ್ಟದ ಹಲಗೆಯ ಮೇಲೆ ಸಾಲಾಗಿ ಜೋಡಿಸಿರುತ್ತಿದ್ದಳು. ಬಂದ ತಾಯಂದಿರು ಎಷ್ಟು ಅಚ್ಚುಕಟ್ಟು ಎಂದು ಮೆಚ್ಚಿ ಹೋಗುತ್ತಿದ್ದರು. ಒಂದು ಗಂಟೂ ನೆಲದ ಮೇಲೆ ಯಾಕಿಲ್ಲ ಎಂದು ಯಾರೂ ಕೇಳಲಿಲ್ಲ.

ಆ ಅಚ್ಚುಕಟ್ಟೇ ಅವಳಿಗೆ ಮುಳುವಾದದ್ದು. ಕೊಳಚೆ ಎದ್ದ ದಿನ ಅವಳು ಮೊದಲು ಮುಂಬಾಗಿಲ ಚಿಲಕ ಹಾಕುತ್ತಿದ್ದಳು, ಆಮೇಲೆ ಕಿಟಕಿ ಮುಚ್ಚುತ್ತಿದ್ದಳು. ತಾನೇ ಹೊಲಿದ ಮರಳಿನ ಚೀಲವನ್ನು ಬಚ್ಚಲ ಬಾಯಿಗೆ ಒತ್ತಿ, ಅದನ್ನೂ ಎತ್ತಿಕೊಂಡು ಉಕ್ಕಿ ಬಂದದ್ದನ್ನು ಬಾಚಿ ಬಕೆಟ್ಟಿಗೆ ತುಂಬುತ್ತಿದ್ದಳು. ಬ್ಲೀಚಿಂಗ್ ಪುಡಿ ಚೆಲ್ಲಿ ನೆಲ ಉಜ್ಜಿ, ಫಿನಾಯಿಲಿನಲ್ಲಿ ಎರಡು ಸಲ ಒರೆಸಿ, ಕೈಕಾಲು ತೊಳೆದು, ಬೇರೆ ಬಟ್ಟೆ ತೊಟ್ಟು, ಕೂದಲು ಬಾಚಿಕೊಂಡು ಆಮೇಲೆ ಚಿಲಕ ತೆಗೆಯುತ್ತಿದ್ದಳು. ತನ್ನ ಮನೆ ನಾರುತ್ತದೆ ಎಂಬ ಮಾತು ಒಬ್ಬರ ಬಾಯಲ್ಲೂ ಬರಬಾರದು. ಮದುವೆಗೆ ಬೆಳೆದ ಮಗಳಿದ್ದಳು, ನಾಲ್ಕು ಜನ ಬಂದು ಹೋಗುವ ಕಸುಬಿತ್ತು. ಹನ್ನೊಂದು ವರ್ಷದಲ್ಲಿ ಮೇಲಿನವರು ಅವಳ ಮನೆಯಲ್ಲಿ ಕಂಡದ್ದು ಹೊಳೆಯುವ ನೆಲವನ್ನು ಮಾತ್ರ.

ಪೈಪು ಬಿಡಿಸುವವನು ವರ್ಷಕ್ಕೆರಡು ಸಲ ಉದ್ದನೆಯ ಬಿದಿರ ದಬ್ಬೆ ಹಿಡಿದು ಬರುತ್ತಿದ್ದ. ಗುಂಡಿಗೆ ದಬ್ಬೆ ತೂರಿಸಿ, ಕೂದಲು ಚಿಂದಿ ಎಲ್ಲ ಎಳೆದು ಹಾಕಿ, ಪ್ರತಿ ಸಲವೂ ಅದೇ ಮಾತು ಹೇಳಿ ಹೋಗುತ್ತಿದ್ದ. ಇದು ಚುಚ್ಚಿ ಬಿಡಿಸುವ ರೋಗವಲ್ಲ. ಮೇಲಿನ ಮೂರು ಮನೆಯ ನೀರು ಇವಳ ಬಚ್ಚಲನ್ನು ಮುಟ್ಟದೆ ನೇರ ಬೀದಿಗೆ ಹೋಗುವಂತೆ ಬೇರೆ ಪೈಪು ಹಾಕಬೇಕು, ಅದಕ್ಕೆ ಅಂಗಳ ಅಗೆಯಬೇಕು. ಅಂಗಳದ ತುಂಬ ಮೊದಲ ಮಹಡಿಯ ಬ್ಯಾಂಕಿನವರು ಕಾರು ನಿಲ್ಲಿಸಲು ನುಣ್ಣನೆಯ ಟೈಲ್ಸ್ ಹಾಕಿಸಿದ್ದರು. ಅವಳು ವಿಷಯ ಎತ್ತಿದಾಗ, ಒಂದಿಷ್ಟು ನೀರಿಗೆ ಅಂಗಳವನ್ನೇ ಅಗೆಯುವುದೇ ಎಂದು ಅವರು ಕಣ್ಣರಳಿಸಿದರು. ಎರಡನೆಯ ಮಹಡಿಯ ಮೇಷ್ಟ್ರು, ಸೌಟು ಇರುವಾಗ ಪೈಪು ಯಾಕೆ ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಅದೇ ತಪ್ಪಾಯಿತು.

ಆ ಮಗಳು ಈಗ ಮದುವೆಯಾಗಿ ಏಳು ಗಂಟೆಯ ದಾರಿಯ ಊರಿನಲ್ಲಿದ್ದಳು. ಚೊಚ್ಚಲ ಬಸುರಿ, ತುಂಬಿದ ತಿಂಗಳು. ಅವಳಿಗೆ ಅತ್ತೆಯಿಲ್ಲ, ಅಳಿಯನಿಗೆ ರಾತ್ರಿಪಾಳಿಯ ಕೆಲಸ. ದಿನ ಹತ್ತಿರವಾದಂತೆ ಸೌಟಕ್ಕನಿಗೆ ಅನ್ನ ಸೇರದಾಯಿತು. ಮೂರು ಮಹಡಿ ಹತ್ತಿ, ತಾನು ಇಲ್ಲದಾಗ ಮಳೆ ಬಂದರೆ ನೀರು ಬಿಡಬೇಡಿ, ಅತ್ತೆಯ ಮೇಲೊಂದು ಕಣ್ಣಿಡಿ ಎಂದು ಕೈಮುಗಿದು ಬಂದಳು. ಎಲ್ಲರೂ ಹೂಂಗುಟ್ಟಿದರು. ಹೂಂಗುಟ್ಟುವುದರಲ್ಲಿ ಆ ಕಟ್ಟಡದವರದು ಎತ್ತಿದ ಕೈ. ಹೋದ ವರ್ಷ ಹೀಗೇ ಹೇಳಿ, ಅರ್ಧ ಗಂಟೆ ನೂಲು ಬಟನ್ನು ತರಲು ಹೋಗಿದ್ದಳು. ವಾಪಸು ಬರುವಾಗ ಮಂಚದ ಕಾಲು ಗೇಣುದ್ದ ಕೊಳಚೆಯಲ್ಲಿತ್ತು, ಅತ್ತೆ ಕಣ್ಣು ಮುಚ್ಚಿ ಗೋಡೆ ಬಡಿಯುತ್ತಿದ್ದಳು. ಅದನ್ನು ನೆನೆದರೆ ಮಗಳ ಊರಿಗೆಂದು ಕಟ್ಟಿಟ್ಟ ಬಟ್ಟೆಯ ಚೀಲವನ್ನು ಎತ್ತಲು ಕೈ ಬರುತ್ತಿರಲಿಲ್ಲ. ಅತ್ತ ಮಗಳನ್ನು ನೆನೆದರೆ ಬಿಚ್ಚಿಡಲೂ ಕೈ ಬರುತ್ತಿರಲಿಲ್ಲ.

ಅಷ್ಟರಲ್ಲಿ ಮಗಳೇ ಫೋನು ಮಾಡಿದಳು.

"ಅಮ್ಮ, ನೀನು ಬರೋ ಯೋಚನೆ ಮಾಡ್ಬೇಡ. ಮಳೆಗಾಲ ಅಲ್ವಾ, ನಿಂಗೆ ಆಗಲ್ಲ ಅಂತ ನಂಗೊತ್ತು. ಪಕ್ಕದ್ಮನೆಯವರಿಗೆ ಹೇಳಿಟ್ಟಿದ್ದೀನಿ." ಆಮೇಲೆ ನಕ್ಕು ಹೇಳಿದಳು, "ನಾನೇ ಸರಿಯಾಗಿ ತಿಂಗಳು ಎಣಿಸ್ಕೊಂಡಿದ್ರೆ ಬೇಸಿಗೇಲಿ ಹೆರಬಹುದಿತ್ತು."

ಹಠ ಹಿಡಿದಿದ್ದರೆ ಗದರಬಹುದಿತ್ತು, ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಬಾ ಎಂದು ಅವಳು ಕೇಳಲೇ ಇಲ್ಲ. ಶಾಲೆಯ ನಾಟಕದಲ್ಲಿ ರಾಣಿಯಾದಾಗ ಮಳೆ, ಕಾಲು ಉಳುಕಿ ಆಸ್ಪತ್ರೆಯಲ್ಲಿದ್ದಾಗ ಮಳೆ. ಅಮ್ಮ ಬರುವುದಿಲ್ಲ ಎಂಬುದನ್ನು ಆ ಮಗು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿತ್ತು. ಸೌಟಕ್ಕ ಫೋನು ಹಿಡಿದು ಹೊಲಿಗೆ ಯಂತ್ರದ ಮುಂದೆ ಕುಸಿದಳು. ತಾನು ಇಷ್ಟು ವರ್ಷ ಮನೆ ಕಾದೆ ಎಂದುಕೊಂಡಿದ್ದು ಸುಳ್ಳು, ಈ ಬಚ್ಚಲ ತೂತಿಗೆ ತನ್ನನ್ನೇ ಬಿರಡೆ ಹಾಕಿಟ್ಟಿದ್ದಾರೆ ಎನಿಸಿ ದುಃಖ ಉಕ್ಕಿ ಬಂತು.

ಒಳಗಿನ ಮಂಚದಿಂದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದಳು. ಸೊಂಟ ಮುರಿದಿತ್ತೇ ಹೊರತು ಕಿವಿಗೆ ಏನೂ ಆಗಿರಲಿಲ್ಲ. ಅವಳು ಸೊಸೆಯನ್ನು ಹತ್ತಿರ ಕರೆದು ಹೇಳಿದಳು:

"ಹನ್ನೊಂದು ವರ್ಷದಿಂದ ಚಿಲಕ ಹಾಕ್ಕೊಂಡು ಬಳೀತಿದ್ದೀಯ. ಮರ್ಯಾದೆ ಮರ್ಯಾದೆ ಅಂತ ಸಾಯ್ತೀಯ. ಮಾಡೋರಿಗೆ ಇಲ್ಲದ ನಾಚಿಕೆ ಬಳಿಯೋಳಿಗ್ಯಾಕೆ? ಒಂದ್ಸಲ ಬಾಗಿಲು ತೆಗಿ, ಅವರೂ ನೋಡ್ಲಿ."

ಅತ್ತೆ ಇಷ್ಟು ಉದ್ದ ಮಾತಾಡಿ ಬಹಳ ಕಾಲವಾಗಿತ್ತು. ಸೌಟಕ್ಕ ಮತ್ತೆ ಹೊಲಿಗೆಗೆ ಕುಳಿತಳು. ಆ ಮಾತು ಮಾತ್ರ ಎರಡು ದಿನ ಎದೆಯಲ್ಲಿ ಕೊರೆಯುತ್ತಲೇ ಇತ್ತು.

ಮೂರನೆಯ ದಿನ ಭಾನುವಾರ. ಊಟದ ಹೊತ್ತು ಕಳೆದು ಆಕಾಶ ಕಪ್ಪಾಯಿತು. ಗಾಳಿ ಎದ್ದು, ಮಳೆ ಸುರಿಯತೊಡಗಿತು. ಎಲ್ಲರೂ ಮನೆಯಲ್ಲೇ ಇದ್ದರು. ಸೌಟಕ್ಕ ಸೌಟು ತೆಗೆದುಕೊಂಡು ಬಚ್ಚಲಿಗೆ ಹೋದಳು, ಕೈ ಎತ್ತಿದಳು, ಹಾಗೇ ಇಳಿಸಿದಳು. ಸೌಟನ್ನು ಅಡುಗೆಮನೆಯಲ್ಲಿಟ್ಟು ಬಂದು ಅತ್ತೆಯನ್ನು ಅನಾಮತ್ತಾಗಿ ಎತ್ತಿ, ಮುಂದಿನ ಕೋಣೆಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ದಿಂಬು ಕೊಟ್ಟು ಕೂರಿಸಿದಳು. ಕಿಟಕಿಗಳನ್ನು ತೆರೆದಳು. ಮುಂಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದು, ಹೋಗಿ ಮಹಡಿ ಮೆಟ್ಟಿಲಿನ ಮೇಲೆ ಕುಳಿತಳು.

ಮೇಲೆ ಯಾರದೋ ಬಟ್ಟೆ ಒಗೆಯುವ ಯಂತ್ರ ಭರ್ರೆಂದು ನೀರು ಬಿಟ್ಟಿತು. ಕೆಳಗೆ ಬಚ್ಚಲ ಬಾಯಿಯ ಮೇಲಿದ್ದ ಮರಳಿನ ಚೀಲ ಪಕ್ಕಕ್ಕೆ ಹೊರಳಿತು. ಮೊದಲು ನೊರೆ ಬಂತು, ನೊರೆಯ ಹಿಂದೆ ಕೂದಲು ಬಂತು, ಅದರ ಹಿಂದೆ ಏನು ಬರಬೇಕೋ ಅದು ಬಂತು. ಕೋಣೆ ತುಂಬಿ, ಹೊಸ್ತಿಲು ದಾಟಿ, ಮೆಟ್ಟಿಲ ಬುಡಕ್ಕೆ ಬಂದು, ಅಂಗಳದ ನುಣ್ಣನೆಯ ಟೈಲ್ಸಿನ ಮೇಲೆ ಹರಡಿತು. ಅವಳ ಮೈಯೆಲ್ಲ ಪೊರಕೆ ಹುಡುಕುತ್ತಿತ್ತು. ಕೈಗಳನ್ನು ತೊಡೆಯಡಿಗೆ ಸಿಕ್ಕಿಸಿಕೊಂಡು ಕುಳಿತಳು. ನಾಚಿಕೆಗೆ ಕಿವಿ ಬಿಸಿಯಾಗಿತ್ತು, ಓಡಿಹೋಗಿ ಬಾಗಿಲು ಹಾಕಿಬಿಡೋಣ ಎಂದು ನೂರು ಸಲ ಅನಿಸಿತು.

ವಾಸನೆ ಮೆಟ್ಟಿಲು ಹತ್ತಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮೊದಲು ಇಳಿದು ಬಂದವರು ಬ್ಯಾಂಕಿನವರು. ಕೊನೆಯ ಮೆಟ್ಟಿಲಿಗೆ ಕಾಲಿಡಲು ಹೋಗಿ ಹಿಂದೆ ಸರಿದರು. ತೆರೆದ ಬಾಗಿಲಿನಿಂದ ಒಳಗೆ ನೋಡಿದರು. ಮೇಜಿನ ಮೇಲೆ ಮುದುಕಿ ಬಾಯಿಗೆ ಬಟ್ಟೆ ಹಿಡಿದು ಕುಳಿತು ಅವರನ್ನೇ ನೋಡುತ್ತಿದ್ದಳು.

"ಇಷ್ಟೊಂದು ಬರುತ್ತಾ?" ಎಂದರು.

"ಇವತ್ತು ಕಡಿಮೆ ಸಾರ್," ಎಂದಳು ಸೌಟಕ್ಕ.

ಅವರ ಹಿಂದೆ ಮೇಷ್ಟ್ರು ಬಂದರು, ಮೂರನೆಯ ಮಹಡಿಯಾಕೆ ಮೂಗು ಮುಚ್ಚಿಕೊಂಡು ಬಂದಳು. ತಮಾಷೆಯ ಮೇಷ್ಟ್ರಿಗೆ ಆವತ್ತು ಒಂದು ಮಾತೂ ಹೊಳೆಯಲಿಲ್ಲ. ಹೀಗೆಂದು ಮೊದಲೇ ಹೇಳಬಾರದಿತ್ತೇ ಎಂದು ಮೂರನೆಯ ಮಹಡಿಯಾಕೆ ಗೊಣಗಿದಾಗ ಸೌಟಕ್ಕನಿಗೆ ರೇಗಿತು. ಹನ್ನೊಂದು ವರ್ಷದಿಂದ ಹೇಳುತ್ತಲೇ ಇದ್ದೇನೆ, ನೀವು ಸದ್ದನ್ನಷ್ಟೇ ಕೇಳಿಸಿಕೊಂಡಿರಿ ಎಂದು ನೇರವಾಗಿಯೇ ಅಂದಳು. ಆಕೆಯ ಮುಖ ಕೆಂಪಾಯಿತು. ತಿರುಗಿ, ಮೆಟ್ಟಿಲ ಮೇಲ್ಗಡೆಗೆ ಮುಖ ಮಾಡಿ, ಎಲ್ಲ ಕೊಳಾಯಿ ನಿಲ್ಲಿಸಿ ಎಂದು ಗಂಟಲು ಹರಿಯುವಂತೆ ಕೂಗಿದಳು. ಆ ಮಾತನ್ನು ಬೇರೆ ಯಾರೋ ಕೂಗಿದ್ದನ್ನು ಸೌಟಕ್ಕ ಅಂದೇ ಮೊದಲು ಕೇಳಿದ್ದು.

ಬ್ಯಾಂಕಿನವರು ಪ್ಯಾಂಟು ಮಡಚಿ ಕೊಳಚೆಗಿಳಿದರು. ಅವರೂ ಮೇಷ್ಟ್ರೂ ಸೇರಿ ಅತ್ತೆಯನ್ನು ಕುರ್ಚಿಗೆ ಇಳಿಸಿ, ಕುರ್ಚಿ ಸಮೇತ ಮೊದಲ ಮಹಡಿಗೆ ಹೊತ್ತರು. ಕೆಳಗಿನ ಮನೆ ಸರಿಯಾಗುವ ತನಕ ಇಲ್ಲೇ ಇರಲಿ ಎಂದು ಬ್ಯಾಂಕಿನವರ ಹೆಂಡತಿ ತಾನಾಗಿ ಹೇಳಿದಳು. ಟೈಲ್ಸ್ ಒಡೆಯುವ ಮಾತೂ ಬಂತು. ಆ ಮಾತನ್ನು ಸೌಟಕ್ಕ ಪೂರ್ತಿ ನಂಬಲಿಲ್ಲ. ನೆಲ ಒಣಗಿದ ಮೇಲೆ ಇವರ ಮನಸ್ಸೂ ಒಣಗಬಹುದು. ಆದರೆ ಅತ್ತೆ ಮೇಲಿದ್ದಳು, ಅವರ ಸೋಫಾದ ಮೇಲೆ, ಕಾಲು ಒದ್ದೆಯಾಗದೆ.

"ನಿಂತು ನೋಡ್ತೀಯೇನು, ಹೊರಡು," ಎಂದಳು ಅತ್ತೆ. "ನನ್ನ ಎತ್ತೋಕೆ ಇಲ್ಲಿ ಇಬ್ಬರು ಗಂಡಸರಿದ್ದಾರೆ."

ಸೌಟಕ್ಕ ಕೆಳಗಿಳಿದು ಬಂದಳು. ನೆಲ ಹಾಗೇ ಇತ್ತು. ಹಲಗೆಯ ಮೇಲಿಂದ ಕಟ್ಟಿಟ್ಟಿದ್ದ ಬಟ್ಟೆಯ ಚೀಲ ಇಳಿಸಿಕೊಂಡು, ನೆಲ ಒರೆಸದೆ, ಬಾಗಿಲು ಹಾಕದೆ ಹೊರಗೆ ಬಂದು ಮಗಳಿಗೆ ಫೋನು ಮಾಡಿದಳು. ಸಂಜೆಯ ಬಸ್ಸಿಗೆ ಹೊರಡುತ್ತಿದ್ದೇನೆ ಎಂದಳು.

ಮಗಳು ಕೇಳಿದಳು, "ಅಲ್ಲಿ ಮಳೆ ನಿಂತಿತಾ ಅಮ್ಮ?"

"ಇಲ್ಲ ಕಣೇ, ಸುರೀತಾನೇ ಇದೆ."

ಆ ಕಡೆ ಮಗಳು ಬಿಕ್ಕಿ ಬಿಕ್ಕಿ ಅಳತೊಡಗಿದಳು.